ಒಂದೇ ತಟ್ಟೆಯ ಪಂಕ್ತಿ

ಡಾಕ್ಟರಮ್ಮ ಚೀಟಿ ಬರೆಯಲಿಲ್ಲ, ಬಾಯಲ್ಲೇ ಹೇಳಿದರು:
ಉಪ್ಪು ಬೇಡ. ಮೆಣಸು, ಹುಳಿ, ಬೆಲ್ಲ ಬೇಡ.
ಒಗ್ಗರಣೆ ಬೇಡವೇ ಬೇಡ.
ಆಮೇಲೆ ಸ್ವಲ್ಪ ತಡೆದು, ನನ್ನ ಜುಟ್ಟು ನೋಡಿ,
ನೀರುಳ್ಳಿ ಬೆಳ್ಳುಳ್ಳಿ ಅಂತೂ ನಾಯಿಗೆ ವಿಷ, ಗೊತ್ತಾಯ್ತಾ?
ನಗು ಬಂತು ನನಗೆ.
ಮೂವತ್ತೆಂಟು ವರ್ಷ ಸೌಟು ಹಿಡಿದವ ಅಮ್ಮಾ,
ನಮ್ಮ ಕೊಪ್ಪರಿಗೆಗೆ ಅವೆರಡರ ಪರಿಚಯವೇ ಇಲ್ಲ.

ನಗು ಅಲ್ಲಿಗೇ ನಿಂತಿತು. ಯಾಕೆಂದರೆ
ಮುಂದಿನ ಪ್ರಶ್ನೆ: ಏನು ತಿಂದಿತ್ತು?

ಕಡಿಯಾಳಿಯ ಛತ್ರದ ಹಿಂದೆ, ಎಲೆ ಎಸೆಯುವ ಗುಂಡಿಯಲ್ಲಿ,
ನಾನೇ ಮಾಡಿದ ಹಯಗ್ರೀವ ಮಡ್ಡಿ.
ಕಡಲೆಬೇಳೆ, ಬೆಲ್ಲ, ಕೈಬಿಟ್ಟು ಸುರಿದ ತುಪ್ಪ,
ಮೇಲೆ ದ್ರಾಕ್ಷಿ.
ಆರುನೂರು ಜನ ಉಂಡು, ತೇಗಿ,
ಭಟ್ರೇ, ಮಡ್ಡಿ ಅಂದ್ರೆ ಇದು, ಎಂದು ಹೊಗಳಿದ್ದೇ
ಇದರ ಹೊಟ್ಟೆಯಲ್ಲಿ ಎರಡು ದಿನ ನೀರಾಗಿ ಹರಿಯಿತು.
ದ್ರಾಕ್ಷಿಯಾ? ಡಾಕ್ಟರಮ್ಮ ಕನ್ನಡಕ ತೆಗೆದರು.
ರಕ್ತ ತೆಗೆದರು. ಮೂತ್ರಪಿಂಡ ಉಳಿದಿದೆ, ಪುಣ್ಯ, ಎಂದರು.
ಯಾರ ಪುಣ್ಯ ಎಂದು ಕೇಳಲಿಲ್ಲ ನಾನು.

ಹೀಗೆ ಬೊಗ್ಗು ನನ್ನವನಾದ.

ನಾಲ್ಕಕ್ಕೆ ಹೇಗೂ ಎಚ್ಚರವಾಗುತ್ತದೆ.
ಕುಚ್ಚಲು ಬೇಡ, ನಾರು ಜಾಸ್ತಿ; ಬೆಳ್ತಿಗೆ, ಒಂದು ಹಿಡಿ,
ಅಗುಳು ತನ್ನ ಹೆಸರು ಮರೆಯುವವರೆಗೆ ಬೇಯಬೇಕು.
ಚೀನಿಕಾಯಿಯ ಸಿಪ್ಪೆ ತೆಗೆದು, ಬೀಜ ತೆಗೆದು, ಬೇಯಿಸಿ, ಹಿಚುಕಿ.
ಆಳೆತ್ತರದ ಹುಟ್ಟಿನಿಂದ ಕೊಪ್ಪರಿಗೆ ತೊಳಸಿದ ಕೈಗೆ
ಈ ಅರ್ಧ ಸೇರಿನ ಪಾತ್ರೆ ಮಕ್ಕಳಾಟದ ಸಾಮಾನು.
ಕೈ ಮಾತ್ರ ಮಾತು ಕೇಳುವುದಿಲ್ಲ. ಮೊದಲ ದಿನ
ತನ್ನಷ್ಟಕ್ಕೆ ಉಪ್ಪಿನ ಮರಿಗೆಗೆ ಹೋಯಿತು,
ಚಿಟಿಕೆ ಹಿಡಿದು, ಆವಿಯ ಮೇಲೆ ನಿಂತು,
ವಾಪಸು ಬಂತು.

ರುಚಿ ನೋಡುವ ಅಭ್ಯಾಸ ನನಗೆ ಮೊದಲೇ ಇಲ್ಲ;
ದೇವರಿಗಿಂತ ಮುಂಚೆ ನಾಲಗೆಗೆ ಮುಟ್ಟಿಸುವಂತಿಲ್ಲ.
ಪರಿಮಳ, ಕುದಿಯುವ ಸದ್ದು, ಅಷ್ಟರಲ್ಲೇ ಲೆಕ್ಕ.
ಈ ಅಡುಗೆಗೆ ಪರಿಮಳವೂ ಇಲ್ಲ.
ಉತ್ತರ ಬರುವುದು ಮರುದಿನ, ಬಾಳೆಯ ಬುಡದಲ್ಲಿ.
ಬ್ಯಾಟರಿ ಹಿಡಿದು ಬಗ್ಗಿ ನೋಡುತ್ತೇನೆ:
ಸೋಮವಾರ ಸಾರು. ಮಂಗಳವಾರವೂ ಸಾರೇ.
ಗುರುವಾರ ಗೊಜ್ಜಿನ ಹದ.
ಕ್ಷಮಿಸಿ, ನನಗೆ ಬೇರೆ ಭಾಷೆ ಗೊತ್ತಿಲ್ಲ.

ಕೋಳಿ ಕೊಡಿ, ಎಲುಬು ಬಿಡಿಸಿ, ಚರ್ಮ ಸುಲಿದು, ಎಂದಿದ್ದರು.
ಅದು ನನ್ನ ಒಲೆಯಲ್ಲಿ ಆಗುವುದಲ್ಲ.
ಪಾಗಾರದಾಚೆ ಬಟ್ಟೆ ಒಣಹಾಕುತ್ತಿದ್ದ ಸೆವ್ರಿನ್ ಬಾಯಿ,
ಅದಕ್ಕೆಂತ ಮಾರಾಯ್ರೆ, ನಾನು ಬೇಯಿಸುವ, ಎಂದರು.
ಹದಿನಾಲ್ಕು ವರ್ಷದ ನೆರೆ.
ಕ್ರಿಸ್ಮಸ್ಸಿಗೆ ಅವರು ಕೊಡುವ ಕುಸ್ವಾರ್
ಹಾಲಿನ ಹುಡುಗನ ಚೀಲಕ್ಕೆ ದಾಟುವುದು ಅವರಿಗೆ ಗೊತ್ತು.
ಗೊತ್ತಿದ್ದೂ ಪ್ರತಿ ವರ್ಷ ಕೊಡುತ್ತಾರೆ.

ಈಗ ಪಾಗಾರದ ಮೇಲೆ ಒಂದು ಅಲ್ಯೂಮಿನಿಯಂ ತಟ್ಟೆ.
ಅತ್ತಲಿಂದ ನೂಲಿನ ಹಾಗೆ ಬಿಡಿಸಿದ ಕೋಳಿ,
ಮಸಾಲೆ ಅರೆಯದೆ, ಅವರ ಮನೆಯಲ್ಲೂ ಇದೇ ಮೊದಲಂತೆ.
ಇತ್ತಲಿಂದ ನನ್ನ ಅನ್ನ, ಚೀನಿಕಾಯಿ, ಒಂದು ಚಮಚ ಮೊಸರು.
ಕಲಸುವವರು ಯಾರು?
ಮೊದಲ ದಿನ ಸ್ವಲ್ಪ ಹೊತ್ತು ಇಬ್ಬರೂ ತಟ್ಟೆ ನೋಡಿದೆವು.
ಕೆಳಗಿಟ್ಟದ್ದೇ ತಡ
ಬೊಗ್ಗು ಮೂತಿಯಿಂದಲೇ ಕಲಸಿಕೊಂಡ.

ಶನಿವಾರ ಎರಡು ಮದುವೆ, ಸಾವಿರದಿನ್ನೂರು ಎಲೆ.
ಹಿಂದಿನ ಗುಂಡಿಗೆ ತಗಡು ಮುಚ್ಚಿಸಿದೆ.
ಛತ್ರದವರು ಯಾಕೆ ಎಂದರು. ನೊಣ, ಎಂದೆ.
ಮನೆ ಮುಟ್ಟುವಾಗ ಹನ್ನೊಂದು ಗಂಟೆ.
ಬಾಳೆಯ ಬುಡದಲ್ಲಿ ಬ್ಯಾಟರಿ ಬೆಳಕು, ಅದರ ಹಿಂದೆ ಬಾಯಿಯ ನೈಟಿ:
ಭಟ್ರೇ, ಇವತ್ತು ಗಟ್ಟಿ! ನಿಮ್ಮ ಕಡುಬಿನ ಹಾಗೆ!

ಇಡೀ ದಿನ ಹೊಗೆ ಕುಡಿದವನಿಗೆ ಊಟ ಸೇರುವುದಿಲ್ಲ.
ಅವನ ಪಾತ್ರೆಯ ತಳದಲ್ಲಿ ಎರಡು ತುತ್ತು ಉಳಿದಿತ್ತು.
ಕತ್ತಲಲ್ಲಿ ನಿಂತೇ ಬಾಯಿಗೆ ಹಾಕಿಕೊಂಡೆ.
ಬೊಗ್ಗು ಬಾಲ ಆಡಿಸುತ್ತ ನನ್ನ ಮುಖವನ್ನೇ ನೋಡುತ್ತಿದ್ದ,
ಹೇಗಿದೆ ಎಂಬಂತೆ.

ಉಪ್ಪು ಬೇಕಿತ್ತು.